ದೂರದ ಪ್ರಯಾಣಕ್ಕೆ ಎಸ್‌ಯುವಿಯಲ್ಲಿ ಪೂರ್ಣ ಅಳತೆಯ ಸ್ಟೆಪ್ನಿ: ಆಯ್ಕೆ, ಜಾಗ, ಜೋಡಣೆ

ವಿಜಯಪುರ, ಬಾಗಲಕೋಟೆ ಕಡೆಯ ಕುಟುಂಬಗಳು ಯುಗಾದಿಗೆ ಶ್ರೀಶೈಲಕ್ಕೆ, ಆಷಾಢ ಏಕಾದಶಿಗೆ ಪಂಢರಪುರಕ್ಕೆ, ಬೇಸಿಗೆ ರಜೆಯಲ್ಲಿ ಗೋವೆಗೋ ತಿರುಪತಿಗೋ ಹೊರಡುವುದು ಈಗ ಹೆಚ್ಚಾಗಿ ಸ್ವಂತ ಎಸ್‌ಯುವಿಗಳಲ್ಲಿ. ಆದರೆ ಈಚೆಗೆ ಮಾರಾಟವಾಗುತ್ತಿರುವ ಎಷ್ಟೋ ಎಸ್‌ಯುವಿಗಳಲ್ಲಿ ಐದನೆಯ ಚಕ್ರ ಉಳಿದ ನಾಲ್ಕರ ಅಳತೆಗೆ ಸೇರಿದ್ದಲ್ಲ. ಕೆಲವದರಲ್ಲಿ ಐದನೆಯ ಚಕ್ರವೇ ಇರುವುದಿಲ್ಲ. ಟೈರಿನ ಗಾಳಿಯ ಒತ್ತಡವನ್ನು ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ 3.5 ಟನ್‌ವರೆಗಿನ ಪ್ರಯಾಣಿಕ ವಾಹನಗಳಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರವು 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಹೀಗಾಗಿ ಸ್ಟೆಪ್ನಿಯ ವಿಚಾರವನ್ನು ಕಂಪನಿಯ ಮೇಲೆ ಬಿಟ್ಟು ನಿಶ್ಚಿಂತೆಯಿಂದ ಇರುವ ಕಾಲ ಮುಗಿದಿದೆ.

ಪೂರ್ಣ ಅಳತೆಯ ಸ್ಟೆಪ್ನಿ ಬೇಕಾಗುವುದು ಪಂಕ್ಚರ್‌ಗಾಗಿ ಎಂದು ಅನೇಕರು ತಿಳಿದಿದ್ದಾರೆ. ಎತ್ತಿನ ಲಾಳದ ಮೊಳೆ ಚುಚ್ಚಲಿ, ಬಳ್ಳಾರಿ ಜಾಲಿಯ ಮುಳ್ಳು ನಾಟಲಿ, ಟ್ಯೂಬ್‌ಲೆಸ್ ಟೈರಿನ ಅಂತಹ ತೂತನ್ನು ಯಾವ ಹೋಬಳಿ ಊರಿನ ಪಂಕ್ಚರ್ ಅಂಗಡಿಯಲ್ಲಾದರೂ ಸ್ವಲ್ಪ ಹೊತ್ತಿನಲ್ಲೇ ಮುಚ್ಚಿಕೊಡುತ್ತಾರೆ. ಅಷ್ಟು ದೂರ ಹೋಗುವುದಕ್ಕೆ ಸಣ್ಣ ಸ್ಟೆಪ್ನಿಯೂ ಸಾಕು. ನಿಜವಾದ ತೊಂದರೆ ಇರುವುದು ಸೈಡ್‌ವಾಲ್, ಅಂದರೆ ಟೈರಿನ ಮಗ್ಗುಲು, ಹರಿದಾಗ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ಭಾಗದ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಎಳೆದುಕೊಂಡು ಬರುವ ಟ್ರ್ಯಾಕ್ಟರಿಗೆ ದಾರಿ ಬಿಡಲು ಎಡಗಡೆಯ ಚಕ್ರಗಳನ್ನು ಡಾಂಬರಿನಿಂದ ಕೆಳಗಿಳಿಸಬೇಕಾಗುತ್ತದೆ. ಮಳೆಗಾಲದಲ್ಲಿ ಕುಸಿದ ಎರೆಮಣ್ಣಿನ ಅಂಚು ಡಾಂಬರಿಗಿಂತ ನಾಲ್ಕಾರು ಇಂಚು ಕೆಳಗೆ ಇರುತ್ತದೆ. ಮತ್ತೆ ಮೇಲೆ ಹತ್ತುವಾಗ ಟೈರಿನ ಮಗ್ಗುಲು ಆ ಒಡಕು ಅಂಚಿಗೆ ಉಜ್ಜುತ್ತದೆ. ಅಲ್ಲೊಂದು ಚೂಪಾದ ಜಲ್ಲಿ ಕಲ್ಲು ಎದ್ದು ನಿಂತಿದ್ದರೆ ಒಳಗಿನ ನೂಲಿನ ಪದರವೇ ಕತ್ತರಿಸಿ ಹೋಗುತ್ತದೆ. ಹಾಗೆ ಹರಿದ ಟೈರನ್ನು ಯಾವ ಪ್ಲಗ್ಗೂ, ಯಾವ ಸೀಲಂಟ್ ದ್ರವವೂ ಉಳಿಸುವುದಿಲ್ಲ. ಹದಿನೇಳು, ಹದಿನೆಂಟು ಇಂಚಿನ ಟೈರು ತಾಲ್ಲೂಕು ಊರಿನ ಅಂಗಡಿಯಲ್ಲಿ ಸಿಗುವ ಭರವಸೆ ಇಲ್ಲವಾದ್ದರಿಂದ ಊರು ಮುಟ್ಟುವವರೆಗಿನ ನೂರಾರು ಕಿಲೋಮೀಟರನ್ನು ಐದನೆಯ ಚಕ್ರದ ಮೇಲೆಯೇ ಓಡಿಸಬೇಕಾಗುತ್ತದೆ. ಕರ್ನೂಲು, ಆತ್ಮಕೂರು ದಾಟಿ ನಲ್ಲಮಲ ಕಾಡಿನೊಳಗೆ ಹೊಕ್ಕ ಮೇಲಂತೂ, ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿರುವ ಆ ದಾರಿಯಲ್ಲಿ, ನಿಧಾನವಾಗಿ ಹೋದರಾಯಿತು ಎನ್ನುವ ಮಾತು ನಡೆಯುವುದಿಲ್ಲ.

ಮೊದಲ ಹೆಜ್ಜೆ: ಈಗಿರುವ ಸ್ಟೆಪ್ನಿಯನ್ನು ಓದಿ ನೋಡುವುದು

ಡಿಕ್ಕಿಯ ತಳದ ಹಲಗೆಯನ್ನು ಎತ್ತಿ, ಅಥವಾ ಗಾಡಿಯ ಕೆಳಗೆ ಬಗ್ಗಿ, ಸ್ಟೆಪ್ನಿಯ ಮಗ್ಗುಲಲ್ಲಿ ಅಚ್ಚಾಗಿರುವ ಅಳತೆಯನ್ನು ಬರೆದುಕೊಳ್ಳಬೇಕು. ಓಡುವ ಟೈರಿನ ಮೇಲಿನ ಅಳತೆಯನ್ನೂ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯನ್ನೂ ಅದರೊಂದಿಗೆ ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಮುಂದಿನ ಎರಡು ಹೆಜ್ಜೆಗಳನ್ನು ಬಿಟ್ಟು ನಾಲ್ಕನೆಯದಕ್ಕೆ ಹೋಗಬಹುದು.

ಅಳತೆ ಬೇರೆಯಾಗಿದ್ದರೆ ಎಷ್ಟು ಬೇರೆ ಎಂಬುದನ್ನು ಲೆಕ್ಕ ಹಾಕಿ ತಿಳಿಯಬೇಕು. ಉದಾಹರಣೆಗೆ ಓಡುವ ಟೈರು 215/60 ಆರ್ 17 ಎಂದಿಟ್ಟುಕೊಳ್ಳೋಣ. 215 ಎಂಬುದು ಮಿಲಿಮೀಟರ್‌ನಲ್ಲಿ ಟೈರಿನ ಅಗಲ, ಅದರ ಶೇ. 60 ಎಂದರೆ 129 ಮಿ.ಮೀ. ಸೈಡ್‌ವಾಲಿನ ಎತ್ತರ. ಮೇಲೆ ಕೆಳಗೆ ಎರಡು ಸೇರಿ 258 ಮಿ.ಮೀ. ಆಯಿತು. ಡಿಸ್ಕಿನ, ಅಂದರೆ ಟೈರು ಕೂರುವ ಲೋಹದ ಚಕ್ರದ, 17 ಇಂಚನ್ನು 25.4ರಿಂದ ಗುಣಿಸಿದರೆ 432 ಮಿ.ಮೀ. ಬರುತ್ತದೆ. ಒಟ್ಟು ವ್ಯಾಸ 690 ಮಿ.ಮೀ. ಸ್ಟೆಪ್ನಿ 205/65 ಆರ್ 16 ಆಗಿದ್ದರೆ ಇದೇ ಲೆಕ್ಕದಲ್ಲಿ 673 ಮಿ.ಮೀ. ಆಗುತ್ತದೆ. ವ್ಯತ್ಯಾಸ 17 ಮಿ.ಮೀ., ಅಂದರೆ ಶೇ. 2.5. ಕೇಳುವುದಕ್ಕೆ ಅಲ್ಪವೆನಿಸುತ್ತದೆ, ಆದರೆ ಈ ಸಣ್ಣ ಚಕ್ರ ಪ್ರತಿ ಕಿಲೋಮೀಟರಿಗೆ ಜೊತೆಯ ಚಕ್ರಕ್ಕಿಂತ ಸುಮಾರು ಹನ್ನೆರಡು ಸುತ್ತು ಹೆಚ್ಚು ತಿರುಗುತ್ತದೆ; 300 ಕಿ.ಮೀ. ಓಡಿದರೆ ಸುಮಾರು 3,500 ಸುತ್ತು ಹೆಚ್ಚಾಯಿತು. ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ತಿರುವಿನಲ್ಲಿ ಮಾತ್ರ ಕೆಲಸ ಮಾಡಬೇಕಾದ ಡಿಫರೆನ್ಷಿಯಲ್, ನೇರ ರಸ್ತೆಯಲ್ಲೂ ಈ ವ್ಯತ್ಯಾಸವನ್ನು ಸರಿದೂಗಿಸುತ್ತಲೇ ಇರಬೇಕಾಗುತ್ತದೆ.

ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಗಾಡಿಯಲ್ಲಿ, ವ್ಯತ್ಯಾಸ ಶೇ. 2–3ರ ಒಳಗಿದ್ದು, ಸ್ಟೆಪ್ನಿಯ ಟೈರು ಸಾಮಾನ್ಯ ರೇಡಿಯಲ್ ಆಗಿದ್ದರೆ, ನನ್ನ ಅಭಿಪ್ರಾಯದಲ್ಲಿ ಅದಕ್ಕಾಗಿ ಹೊಸದಾಗಿ ಹಣ ಸುರಿಯುವ ತುರ್ತೇನಿಲ್ಲ. ಅದನ್ನು ಎಂಜಿನ್ನಿನ ಶಕ್ತಿ ಹೋಗದ ಅಚ್ಚಿಗೆ, ಅಂದರೆ ಮುಂಗಡೆಯ ಎಳೆತದ ಗಾಡಿಯಾದರೆ ಹಿಂದಕ್ಕೆ, ಹಾಕಿ, ಅದರ ಮೇಲೆ ಬರೆದಿರುವ ವೇಗದ ಮಿತಿಯನ್ನು ಪಾಲಿಸಿ ಊರು ಸೇರಬಹುದು. ಮೂರು ಸಂದರ್ಭಗಳಲ್ಲಿ ಮಾತ್ರ ಪೂರ್ಣ ಅಳತೆಯದನ್ನು ಮಾಡಿಸಲೇಬೇಕೆಂದು ಹೇಳುತ್ತೇನೆ. ಸ್ಟೆಪ್ನಿಯೇ ಇಲ್ಲದಿರುವುದು ಒಂದು. ಅಳತೆಯ ಆರಂಭದಲ್ಲಿ ಟಿ ಅಕ್ಷರವಿರುವ, ಕೈಯಗಲದ ತೆಳುವಾದ ತಾತ್ಕಾಲಿಕ ಚಕ್ರ ಇರುವುದು ಇನ್ನೊಂದು. ಅದಕ್ಕೆ ಗಾಳಿ 60 ಪಿಎಸ್‌ಐ ಬೇಕು, ವೇಗ ಗಂಟೆಗೆ 80 ಕಿ.ಮೀ. ಮೀರಬಾರದು, ಮತ್ತು ಆರೇಳು ಜನ ಸಾಮಾನು ಸಮೇತ ಕೂತ ಗಾಡಿಯಲ್ಲಿ ಅದು ಬ್ರೇಕಿಗೆ ಕೊಡುವ ಹಿಡಿತ ಬಹಳ ಕಡಿಮೆ. ಮೂರನೆಯದು, ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಗಾಡಿ. ಇಲ್ಲಿ ಅಳತೆಯ ವ್ಯತ್ಯಾಸವು ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಕ್ಲಚ್ ಅಥವಾ ಗೇರುಗಳನ್ನು ಬಿಸಿಯೇರಿಸಿ ಸವೆಸುತ್ತದೆ, ಆ ದುರಸ್ತಿಯ ಖರ್ಚಿನಲ್ಲಿ ಹಲವು ಟೈರುಗಳು ಬರುತ್ತವೆ. ಬೇಕಾದಾಗ ಮಾತ್ರ ಫೋರ್‌ವ್ಹೀಲ್ ಹಾಕುವ ಗಾಡಿಯಾದರೆ, ಅಳತೆ ತಪ್ಪಿದ ಚಕ್ರ ಇರುವಷ್ಟು ಹೊತ್ತು ಗಟ್ಟಿ ರಸ್ತೆಯಲ್ಲಿ ಅದನ್ನು ಹಾಕಬಾರದು.

ಎರಡನೆಯ ಹೆಜ್ಜೆ: ಕೊಳ್ಳುವ ಮುಂಚೆ ಜಾಗ ಅಳೆಯುವುದು

ಅಂಗಡಿಗೆ ಹೋಗಿ ಡಿಸ್ಕು, ಟೈರು ತಂದ ಮೇಲೆ ಅದು ಡಿಕ್ಕಿಯ ಗುಳಿಯಲ್ಲಿ ಕೂಡಲಿಲ್ಲವೆಂದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರು ಯಾರೂ ಇಲ್ಲ. ಟೇಪಿನಿಂದ ಗುಳಿಯ ವ್ಯಾಸವನ್ನೂ ಆಳವನ್ನೂ ಅಳೆಯಬಹುದು. ಆದರೆ ಗುಳಿಯ ಗೋಡೆ ಕೆಳಗೆ ಕಿರಿದಾಗುತ್ತಾ ಹೋಗುವುದರಿಂದ ಟೇಪಿನ ಅಳತೆ ಎಷ್ಟೋ ಸಲ ಮೋಸ ಮಾಡುತ್ತದೆ. ಇದಕ್ಕಿಂತ ಖಚಿತವಾದ, ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮುಂದಿನ ಸರ್ವಿಸಿನಲ್ಲಿ ಚಕ್ರಗಳನ್ನು ಅದಲು ಬದಲು ಮಾಡಲು ಗಾಡಿಯನ್ನು ಲಿಫ್ಟಿಗೆ ಏರಿಸಿದಾಗ, ಓಡುವ ಚಕ್ರಗಳಲ್ಲೇ ಒಂದನ್ನು ತೆಗೆದು ಸ್ಟೆಪ್ನಿಯ ಗುಳಿಯಲ್ಲಿ ಕೂರಿಸಿ ನೋಡಬೇಕು. ಮೆಕ್ಯಾನಿಕ್‌ಗೆ ಹತ್ತು ನಿಮಿಷದ ಕೆಲಸ.

ಕೂರಿಸಿದಾಗ ಮೂರು ವಿಷಯಗಳನ್ನು ಗಮನಿಸಬೇಕು. ಚಕ್ರ ತಳ ಮುಟ್ಟಿ ಸಮವಾಗಿ ಕೂತಿದೆಯೇ, ಇಲ್ಲವೇ ಒಂದು ಕಡೆ ಎದ್ದು ನಿಂತಿದೆಯೇ ಎಂಬುದು ಮೊದಲನೆಯದು. ನಡುವಿನ ಹಿಡಿತದ ಬೋಲ್ಟು, ಅಗಲವಾದ ಡಿಸ್ಕನ್ನು ದಾಟಿ ಮೇಲೆ ಬಂದು ಕನಿಷ್ಠ ನಾಲ್ಕೈದು ಸುತ್ತು ಹಿಡಿಯುತ್ತದೆಯೇ ಎಂಬುದು ಎರಡನೆಯದು. ಹಿಡಿಯದಿದ್ದರೆ ಉದ್ದನೆಯ ಬೋಲ್ಟನ್ನು ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಡಿಕ್ಕಿಯ ಹಲಗೆ ಎಷ್ಟು ಮೇಲೇಳುತ್ತದೆ ಎಂಬುದು ಮೂರನೆಯದು. ಎರಡು ಮೂರು ಇಂಚು ಎದ್ದರೆ ಸುತ್ತಲೂ ಗಟ್ಟಿ ಫೋಮ್ ಅಥವಾ ಪ್ಲೈವುಡ್ಡಿನ ಚೌಕಟ್ಟು ಕೊಟ್ಟು ಹಲಗೆಯನ್ನು ಸಮ ಮಾಡಿಸಬಹುದು, ಚೀಲ ಜೋಡಿಸುವ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕೆಲವು ಸಿಎನ್‌ಜಿ ಗಾಡಿಗಳಲ್ಲಿ ಗುಳಿಯ ಜಾಗವನ್ನು ಸಿಲಿಂಡರ್ ನುಂಗಿರುತ್ತದೆ. ಅಂತಹವರು ನಾಲ್ಕನೆಯ ಹೆಜ್ಜೆಯಲ್ಲಿ ಹೇಳಿರುವ ಬೇರೆ ಜಾಗಗಳನ್ನೇ ನೋಡಬೇಕು.

ಮೂರನೆಯ ಹೆಜ್ಜೆ: ಡಿಸ್ಕು ಮತ್ತು ಟೈರಿನ ಆಯ್ಕೆ

ಡಿಸ್ಕನ್ನು ಇಂಚು ನೋಡಿ ಮಾತ್ರ ಕೊಳ್ಳಬಾರದು. ಬೋಲ್ಟುಗಳ ಸಂಖ್ಯೆ ಮತ್ತು ಅವು ನಿಂತಿರುವ ವೃತ್ತದ ವ್ಯಾಸ (ಅಂಗಡಿಯವರು ಪಿಸಿಡಿ ಎನ್ನುತ್ತಾರೆ), ನಡುವಿನ ತೂತಿನ ಅಳತೆ, ಮತ್ತು ಡಿಸ್ಕು ಒಳಗೆ ಎಷ್ಟು ಹೊರಗೆ ಎಷ್ಟು ನಿಲ್ಲುತ್ತದೆ ಎನ್ನುವ ಆಫ್‌ಸೆಟ್, ಈ ಮೂರೂ ಕೂಡಿ ಬರಬೇಕು. ಇನ್ನೋವಾ ಕ್ರಿಸ್ಟಾದ ಡಿಸ್ಕು ಐದು ಬೋಲ್ಟಿನ 114.3 ಮಿ.ಮೀ. ಪಿಸಿಡಿಯದು, ಫಾರ್ಚೂನರ್‌ನದು ಆರು ಬೋಲ್ಟಿನ 139.7 ಮಿ.ಮೀ.ದು, ಒಂದೇ ಕಂಪನಿಯ ಎರಡು ಗಾಡಿಗಳ ಡಿಸ್ಕುಗಳೇ ಹೀಗೆ ಅದಲು ಬದಲಾಗುವುದಿಲ್ಲ. ನಿಮ್ಮದೇ ಮಾದರಿಯ ಕೆಳಗಿನ ದರ್ಜೆಯ ಗಾಡಿಗೆ ಅದೇ ಇಂಚಿನ ಕಬ್ಬಿಣದ ಡಿಸ್ಕು ಬರುತ್ತಿದ್ದರೆ ಅದನ್ನು ತರಿಸಿಕೊಳ್ಳುವುದು ಒಳ್ಳೆಯದು. ಅಲಾಯ್‌ಗಿಂತ ಅಗ್ಗವಾಗಿರುತ್ತದೆ, ಪೆಟ್ಟು ಬಿದ್ದರೆ ಸೀಳುವ ಬದಲು ಬಗ್ಗುತ್ತದೆ. ಗಾಡಿಗೆ ಒಮ್ಮೆ ಹಾಕಿ, ಬ್ರೇಕಿನ ಕ್ಯಾಲಿಪರ್‌ಗೆ ಡಿಸ್ಕಿನ ಒಳಮೈ ತಾಗದೆ ತಿರುಗುತ್ತದೆಯೇ ಎಂದು ಕೈಯಿಂದ ಸುತ್ತಿಸಿ ನೋಡಬೇಕು.

ನಟ್ಟಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕೆಲವು ಗಾಡಿಗಳ ಅಲಾಯ್ ಡಿಸ್ಕಿಗೆ ಚಪ್ಪಟೆ ವಾಷರ್ ಇರುವ ಉದ್ದ ಕತ್ತಿನ ನಟ್ಟುಗಳನ್ನು ಕೊಡುತ್ತಾರೆ. ಕಬ್ಬಿಣದ ಡಿಸ್ಕು ಹಿಡಿಯುವುದು ಇಳಿಜಾರು ಅಂಚಿನ ನಟ್ಟನ್ನು. ಇಳಿಜಾರು ಅಂಚಿನ ತೂತಿನ ಮೇಲೆ ಚಪ್ಪಟೆ ವಾಷರ್ ಕೂತರೆ ಬಿಗಿಯಾದಂತೆ ಕಂಡರೂ ಅದು ಡಿಸ್ಕನ್ನು ನಡುವಿಗೆ ತಂದು ಹಿಡಿಯುವುದಿಲ್ಲ, ಓಡುತ್ತಾ ಸಡಿಲಾಗಬಹುದು. ಡಿಸ್ಕು ತಂದ ದಿನವೇ ನಿಮ್ಮ ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ, ಅಂಚಿಗೆ ಅಂಚು ಸುತ್ತಲೂ ಕೂಡುತ್ತದೆಯೇ, ಆರೇಳು ಸುತ್ತಾದರೂ ಬೋಲ್ಟನ್ನು ಹಿಡಿಯುತ್ತದೆಯೇ ಎಂದು ಎಣಿಸಬೇಕು. ಬೇರೆ ನಟ್ಟು ಬೇಕಾದರೆ ಆ ಐದೋ ಆರೋ ನಟ್ಟುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಸ್ಟೆಪ್ನಿಯ ಡಿಸ್ಕಿಗೇ ತೂಗುಹಾಕುವುದು ಸರಿಯಾದ ಕ್ರಮ. ಟೂಲ್ ಡಬ್ಬಿಯಲ್ಲಿ ಹಾಕಿದ್ದು ರಾತ್ರಿ ಹೊತ್ತಿನಲ್ಲಿ ಕೈಗೆ ಸಿಗುವುದಿಲ್ಲ.

ಟೈರಿನ ಮೇಲೆ ಅಳತೆಯ ನಂತರ 96 ಎಚ್ ಎಂಬಂತಹ ಗುರುತು ಇರುತ್ತದೆ. 96 ಎಂದರೆ ಒಂದು ಟೈರು 710 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗ ತಾಳಬಲ್ಲದು. ಓಡುವ ಟೈರಿನದಕ್ಕಿಂತ ಕಡಿಮೆ ಅಂಕಿಯದನ್ನು ಒಪ್ಪಬಾರದು. ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ಕಾಲವನ್ನು ಹೇಳುತ್ತವೆ: 3522 ಎಂದಿದ್ದರೆ 2022ನೆಯ ವರ್ಷದ 35ನೆಯ ವಾರ. ಈ ಸಾಲು ಟೈರಿನ ಒಂದು ಮಗ್ಗುಲಲ್ಲಿ ಮಾತ್ರ ಪೂರ್ತಿಯಾಗಿ ಇರಬಹುದು, ಆದ್ದರಿಂದ ಎರಡೂ ಕಡೆ ಹುಡುಕಬೇಕು. ಓಡದೆ ಇದ್ದರೂ ರಬ್ಬರು ಮುದಿಯಾಗುತ್ತದೆ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ ಇನ್ನೂ ಬೇಗ. ಐದು ವರ್ಷ ದಾಟಿದ ಸ್ಟೆಪ್ನಿಯನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, ನೋಡಲು ಎಷ್ಟೇ ಹೊಸದಾಗಿದ್ದರೂ ಹತ್ತು ವರ್ಷದ ಮೇಲೆ ಅದನ್ನು ನಂಬಬಾರದು.

ಹೊಸ ಗಾಡಿ ಕೊಂಡ ಕೂಡಲೇ ದೊಡ್ಡ ಅಲಾಯ್ ಹಾಕಿಸುವವರು ಬಿಟ್ಟುಹೋದ ಡಿಸ್ಕು-ಟೈರುಗಳು ಬೆಳಗಾವಿ, ಹುಬ್ಬಳ್ಳಿಯಂತಹ ಊರುಗಳ ದೊಡ್ಡ ಟೈರ್ ಅಂಗಡಿಗಳಲ್ಲಿ ಆಗಾಗ ಸಿಗುತ್ತವೆ. ತಯಾರಿಕೆಯ ವಾರ ನೋಡಿ, ಒಳಮೈಯಲ್ಲಿ ತೇಪೆ ಇಲ್ಲವೆಂದು ಟೈರು ಬಿಚ್ಚಿಸಿ ಖಾತ್ರಿಮಾಡಿಕೊಂಡು, ವಾಲ್ವ್ ಹೊಸದು ಹಾಕಿಸಿಕೊಂಡರೆ ಅದು ಲಾಭದ ವ್ಯಾಪಾರ. ರೀಟ್ರೆಡ್ ಮಾಡಿದ್ದು, ಅಂದರೆ ಸವೆದ ಟೈರಿಗೆ ಹೊಸ ರಬ್ಬರು ಅಂಟಿಸಿದ್ದು, ಬೇಡ. ನಾಲ್ಕೂ ಟೈರು ಬದಲಿಸುವ ಕಾಲ ಹತ್ತಿರವಿದ್ದರೆ, ಹಳೆಯದರಲ್ಲಿ ಹೆಚ್ಚು ಗುಂಡಿ (ನೆಲ ಮುಟ್ಟುವ ಮೈಯ ಉಬ್ಬುತಗ್ಗಿನ ಅಚ್ಚು) ಉಳಿದಿರುವುದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳುವುದೂ ಸರಿಯೇ, ಆದರೆ ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹೋಗುವ ಗಾಡಿಗೆ ಅದು ಹೊಂದುವುದಿಲ್ಲ. ಅಂತಹ ಗಾಡಿಯಲ್ಲಿ ಗುಂಡಿಯ ಆಳದ ಕೆಲವೇ ಮಿಲಿಮೀಟರ್ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಎಲ್ಲಿ ಇಡುವುದು, ಹೇಗೆ ಬಿಗಿಯುವುದು

ಡಿಕ್ಕಿಯ ಗುಳಿಯಲ್ಲಿ ಕೂತರೆ ಮಾತು ಮುಗಿಯಿತು. ತೂಕ ಕೆಳಗಿರುತ್ತದೆ, ಬಿಸಿಲಿಲ್ಲ, ಕಳ್ಳರ ಕಾಟವಿಲ್ಲ. ಸಾಮಾನೆಲ್ಲ ಕೆಳಗಿಳಿಸಿ ತೆಗೆಯಬೇಕೆನ್ನುವ ಒಂದೇ ತೊಡಕು.

ಇನ್ನೋವಾ, ಫಾರ್ಚೂನರ್, ಸ್ಕಾರ್ಪಿಯೋದಂತಹ ಗಾಡಿಗಳಲ್ಲಿ ಸ್ಟೆಪ್ನಿ ಹಿಂಭಾಗದ ಅಡಿಯಲ್ಲಿ ಜೋತಾಡುತ್ತಿರುತ್ತದೆ. ನಮ್ಮ ಭಾಗದಲ್ಲಿ ಈ ವ್ಯವಸ್ಥೆಗೆ ವಿಶೇಷ ಆರೈಕೆ ಬೇಕು. ಮಳೆಗಾಲದಲ್ಲಿ ಹೊಲದ ದಾರಿ ತುಳಿದರೆ ಎರೆಮಣ್ಣಿನ ರಾಡಿಯು ಡಿಸ್ಕಿನ ಬಟ್ಟಲಿನೊಳಗೂ, ತಂತಿಹಗ್ಗ ಸುತ್ತುವ ಗಾಲಿಯೊಳಗೂ ತುಂಬಿಕೊಂಡು, ಎರಡು ದಿನದ ಬಿಸಿಲಿಗೆ ಸುಟ್ಟ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಬೇಕಾದಾಗ ಹಿಡಿಕೆ ತಿರುಗಿಸಿದರೆ ಹಗ್ಗ ಇಳಿಯುವುದಿಲ್ಲ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಸ್ಟೆಪ್ನಿಯನ್ನು ಪೂರ್ತಿ ನೆಲಕ್ಕಿಳಿಸಿ, ನೀರು ಹೊಡೆದು ತೊಳೆದು, ಒಣಗಿದ ಮೇಲೆ ಹಗ್ಗಕ್ಕೂ ಗಾಲಿಗೂ ಗ್ರೀಸು ಸವರಿ, ತುಕ್ಕು ಹಿಡಿದ ಎಳೆಗಳು ಕಂಡರೆ ಹಗ್ಗವನ್ನೇ ಬದಲಿಸಬೇಕು. ಮೇಲಕ್ಕೆ ಎಳೆಯುವಾಗ ಹಗ್ಗದ ತುದಿಯ ಕಬ್ಬಿಣದ ಬಿಲ್ಲೆ ಡಿಸ್ಕಿನ ತೂತಿನಲ್ಲಿ ಅಡ್ಡವಾಗಿ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳಬೇಕು. ಓರೆಯಾಗಿ ಕೂತರೆ ಹಂಪಿನ ಮೇಲೆ ಹಾರಿದಾಗ ಚಕ್ರ ಕಳಚಿ ಬೀಳುತ್ತದೆ. ಎಳೆದ ಮೇಲೆ ಕೈಯಿಂದ ಜೋರಾಗಿ ಅಲುಗಿಸಿದರೂ ಅದು ಕದಲಬಾರದು. ದೂರದ ಊರಿನಲ್ಲಿ, ಜಾತ್ರೆಯ ಬಯಲಿನಲ್ಲಿ ರಾತ್ರಿ ನಿಲ್ಲಿಸುವವರು ಡಿಸ್ಕಿಗೂ ಚಾಸಿಗೂ ಸೇರಿಸಿ ಒಂದು ಸರಪಳಿ, ಬೀಗ ಹಾಕುವುದು ವಿವೇಕ. ಬೀಗದ ಬಾಯಿಗೆ ರಬ್ಬರಿನ ಮುಚ್ಚಳ ಬೇಕು, ಕೀಲಿಕೈ ಗಾಡಿಯಲ್ಲೇ ಇರಬೇಕು.

ಬೊಲೆರೊ, ಥಾರ್‌ನಂತೆ ಹಿಂಬಾಗಿಲ ಮೇಲೆ ಸ್ಟೆಪ್ನಿ ಇರುವ ಗಾಡಿಗಳಿಗೆ ಕಂಪನಿ ಕೊಟ್ಟ ಅಳತೆಗಿಂತ ದೊಡ್ಡ, ಭಾರದ ಚಕ್ರ ಹಾಕಿಸಿದರೆ ಬಾಗಿಲಿನ ಕೀಲುಗಳು ಇಳಿಬೀಳುತ್ತವೆ. ಬಾಗಿಲು ಮುಚ್ಚುವಾಗ ಎತ್ತಿ ಮುಚ್ಚಬೇಕಾಗಿ ಬಂದರೆ ಅದೇ ಸೂಚನೆ.

ಛಾವಣಿಯ ಮೇಲೆ ಇಡುವುದನ್ನು ನಾನು ಒಪ್ಪುವುದಿಲ್ಲ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಛಾವಣಿ ಹೊರಬಲ್ಲ ತೂಕ ಸಾಮಾನ್ಯವಾಗಿ 50ರಿಂದ 100 ಕಿಲೋ, ಅದರಲ್ಲಿ ಕ್ಯಾರಿಯರ್‌ನ ತೂಕವೂ ಸೇರಿದೆ. ಎಷ್ಟೋ ಗಾಡಿಗಳ ಮೇಲಿರುವ ಉದ್ದ ಪಟ್ಟಿಗಳು ಅಂದಕ್ಕಾಗಿ ಇರುವವು, ಭಾರ ಹೊರುವುದಕ್ಕಲ್ಲ. ಚೋರ್ಲಾ ಘಟ್ಟದ ತಿರುವುಗಳಲ್ಲಿ ತಲೆಭಾರದ ಗಾಡಿ ಎಷ್ಟು ವಾಲುತ್ತದೆ ಎಂಬುದು ಅಲ್ಲಿ ಓಡಿಸಿದವರಿಗೆ ಗೊತ್ತು. ಅಲ್ಲದೆ 25–30 ಕಿಲೋದ ಚಕ್ರವನ್ನು ಒಬ್ಬರೇ ಮೇಲಿನಿಂದ ಇಳಿಸುವುದು ಸುಲಭವಲ್ಲ.

ಉಳಿದದ್ದು ಗಾಡಿಯ ಒಳಗೆ ಇಡುವುದು. ಮೂರನೆಯ ಸಾಲನ್ನು ಮಡಚಿ ಅಲ್ಲಿ ಸ್ಟೆಪ್ನಿ ಇಟ್ಟುಕೊಂಡು ಹೋಗುವವರು ಬಹಳ ಜನರಿದ್ದಾರೆ, ಕಟ್ಟುವವರು ಕಡಿಮೆ. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಢಿಕ್ಕಿಯಾಗಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, 25 ಕಿಲೋದ ಚಕ್ರ ಮುಂದಕ್ಕೆ ನೂಕುವ ಬಲ ಸುಮಾರು 350 ಕಿಲೋ ತೂಕಕ್ಕೆ ಸಮನಾಗುತ್ತದೆ. ಅದರ ಮುಂದೆ ಇರುವುದು ಹಿಂದಿನ ಸೀಟಿನಲ್ಲಿ ಕೂತವರ ಬೆನ್ನು. ಆದ್ದರಿಂದ ಚಕ್ರವನ್ನು ನಿಲ್ಲಿಸದೆ ಮಲಗಿಸಬೇಕು, ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ ಇಡಬೇಕು, ತಳದಲ್ಲಿರುವ ಕಬ್ಬಿಣದ ಕೊಂಡಿಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಬೇಕು. ಲಾರಿಯವರು ತಾಡಪತ್ರಿ ಬಿಗಿಯಲು ಬಳಸುವ ಈ ಪಟ್ಟಿ ಎಪಿಎಂಸಿ ಸುತ್ತಲಿನ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಪಟ್ಟಿಯ ಮೇಲೆ ಅದು ತಾಳುವ ತೂಕ ಬರೆದಿರುತ್ತದೆ, 500 ಕಿಲೋಗೆ ಕಡಿಮೆಯದು ಬೇಡ. ಎರಡು ಪಟ್ಟಿಗಳನ್ನು ಡಿಸ್ಕಿನ ತೂತುಗಳ ಮೂಲಕ ಹಾಯಿಸಿ ಎದುರುಬದುರು ಮೂಲೆಗಳಿಗೆ ಎಳೆದು ಕಟ್ಟಿದರೆ ಚಕ್ರ ಯಾವ ಕಡೆಗೂ ಜರುಗುವುದಿಲ್ಲ. ಸೆಣಬಿನ ಹಗ್ಗ, ರಬ್ಬರಿನ ಕೊಕ್ಕೆ ಹಗ್ಗ ಇಲ್ಲಿ ಕೆಲಸಕ್ಕೆ ಬಾರದವು. ಕಟ್ಟಲು ಕೊಂಡಿಯೇ ಇಲ್ಲದ ಗಾಡಿಯಾದರೆ, ಸೀಟಿನ ಮೂಲ ಬೋಲ್ಟಿನಲ್ಲಿ ಕೂರುವ ಕೊಂಡಿಗಳನ್ನು ಹಾಕಿಸಬೇಕು. ಮೇಲೆ ಒಂದು ಕ್ಯಾನ್ವಾಸ್ ಚೀಲ ಹೊದಿಸಿದರೆ ರಬ್ಬರಿನ ವಾಸನೆಯೂ ಕೊಳೆಯೂ ಕಡಿಮೆ.

ಈ ಚಕ್ರದ ತೂಕವೂ ಗಾಡಿಯ ಒಟ್ಟು ಭಾರದಲ್ಲಿ ಸೇರುತ್ತದೆ ಎಂಬುದನ್ನು ಮರೆಯಬಾರದು. ಏಳು ಜನ ಕೂತರೆ ಸರಾಸರಿ 65 ಕಿಲೋದಂತೆ 455 ಕಿಲೋ ಆಯಿತು. ಅದರ ಮೇಲೆ ಬುತ್ತಿ, ಹಾಸಿಗೆ, ನೀರಿನ ಕ್ಯಾನು ಎಲ್ಲ ಬಂದಾಗ ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ತೀರ್ಮಾನಿಸಬೇಕಾಗುತ್ತದೆ.

ಐದನೆಯ ಹೆಜ್ಜೆ: ಗಾಳಿ

ಬೇಕಾದಾಗ ಗಾಳಿಯಿಲ್ಲದ ಸ್ಟೆಪ್ನಿ, ಇಲ್ಲದ್ದಕ್ಕೆ ಸಮ. ಸುಮ್ಮನೆ ಇದ್ದರೂ ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಬಾಗಿಲಿನ ಚೀಟಿಯಲ್ಲಿ ಪೂರ್ಣ ಭಾರಕ್ಕೆಂದು ಹೇಳಿರುವ ಒತ್ತಡಕ್ಕಿಂತ ಮೂರರಿಂದ ಐದು ಪಿಎಸ್‌ಐ ಹೆಚ್ಚು ಇಟ್ಟುಕೊಂಡರೆ, ಹಾಕುವಾಗ ಸ್ವಲ್ಪ ಬಿಟ್ಟು ಸರಿಮಾಡಬಹುದು. ರಸ್ತೆಯಲ್ಲಿ ಗಾಳಿ ಬಿಡುವುದು ಸುಲಭ, ತುಂಬುವುದು ಕಷ್ಟ. ಬೆಳಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಬೇಕು, ಏಕೆಂದರೆ ಉಷ್ಣತೆ ಸುಮಾರು ಆರು ಡಿಗ್ರಿ ಏರಿದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ. ಪೆಟ್ರೋಲ್ ಪಂಪಿನ ಹುಡುಗ ನಾಲ್ಕು ಟೈರು ಮುಗಿಸಿ ಪೈಪು ಸುತ್ತಿಡುತ್ತಾನೆ. ಐದನೆಯದನ್ನು ನಾವೇ ಕೇಳಿ ಹೊಡೆಸಿಕೊಳ್ಳಬೇಕು. ಗುಳಿಯಲ್ಲಿ ಸ್ಟೆಪ್ನಿ ಇಡುವವರು ವಾಲ್ವ್ ಮೇಲ್ಮುಖವಾಗಿ ಬರುವಂತೆ ಇಟ್ಟರೆ ಪ್ರತಿ ಸಲ ಚಕ್ರ ಎತ್ತುವ ಶ್ರಮ ತಪ್ಪುತ್ತದೆ. ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ ಗಾಡಿಯಲ್ಲಿ ಸ್ಟೆಪ್ನಿಗೆ ಸೆನ್ಸರ್ ಇಲ್ಲದಿದ್ದರೆ, ಅದನ್ನು ಹಾಕಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತದೆ. ಗಾಬರಿ ಬೇಡ, ಆದರೆ ಕೈಯಲ್ಲಿ ಹಿಡಿಯುವ ಗೇಜಿನಿಂದ ಆ ಚಕ್ರವನ್ನು ಆಗಾಗ ಪರೀಕ್ಷಿಸಬೇಕು.

ಆರನೆಯ ಹೆಜ್ಜೆ: ಸಾಮಾನು ಮತ್ತು ಮನೆಯಂಗಳದ ತಾಲೀಮು

ಗಾಡಿಯೊಂದಿಗೆ ಬಂದ ಜಾಕು, ಸಣ್ಣ ಸ್ಟೆಪ್ನಿಗೆ ಲೆಕ್ಕ ಹಾಕಿ ಕೊಟ್ಟಿದ್ದಾಗಿರಬಹುದು. ಗಾಳಿ ಇಳಿದ ಚಕ್ರ ತೆಗೆಯುವುದಕ್ಕಿಂತ ಗಾಳಿ ತುಂಬಿದ ದೊಡ್ಡ ಚಕ್ರ ಕೂರಿಸುವುದಕ್ಕೆ ಗಾಡಿ ಇನ್ನೂ ಮೇಲೇಳಬೇಕು. ಆ ಎತ್ತರ ಜಾಕಿಗೆ ಇದೆಯೇ ಎಂಬುದು ಮನೆಯಂಗಳದಲ್ಲೇ ಗೊತ್ತಾಗಬೇಕು. ಒಂದು ಅಡಿ ಚೌಕದ, ಒಂದು ಇಂಚು ದಪ್ಪದ ಮರದ ಹಲಗೆಯನ್ನು ಜಾಕಿನ ಜೊತೆ ಇಟ್ಟುಕೊಳ್ಳಲೇಬೇಕು; ಹಸಿ ಎರೆನೆಲದಲ್ಲಿ ಬರಿಯ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗಿಳಿಯುತ್ತದೆ. ಕಂಪನಿಯ ಗಿಡ್ಡ ಪಾನಾದ ಬದಲಿಗೆ ಹಿಡಿಕೆ ಉದ್ದ ಮಾಡಬಹುದಾದ ವ್ಹೀಲ್ ಪಾನಾ, ನಿಮ್ಮ ನಟ್ಟಿಗೆ ಕೂಡುವ ಸಾಕೆಟ್, ಕಳ್ಳರ ಭಯಕ್ಕೆ ಹಾಕಿಸಿದ ಲಾಕ್ ನಟ್ ಇದ್ದರೆ ಅದರ ಕೀಲಿ, ತಲೆಗೆ ಕಟ್ಟುವ ಬ್ಯಾಟರಿ ದೀಪ, ಕೈಗವಸು, ಚಕ್ರಕ್ಕೆ ಒತ್ತು ಕೊಡುವ ಎರಡು ಮರದ ತುಂಡು, ಕೆಂಪು ಪ್ರತಿಫಲಕ ತ್ರಿಕೋನ, ಗೋಣಿಚೀಲ ಒಂದು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಗಾಳಿ ಪಂಪು ಇದ್ದರೆ ಇನ್ನೂ ಒಳ್ಳೆಯದು.

ಹೊರಡುವ ಒಂದು ವಾರ ಮುಂಚೆ ಒಂದು ಚಕ್ರವನ್ನು ಪೂರ್ತಿಯಾಗಿ ಬದಲಿಸಿ ನೋಡಬೇಕು. ಅಡಿಯಲ್ಲಿ ಸ್ಟೆಪ್ನಿ ಇರುವ ಗಾಡಿಯಲ್ಲಿ ಹಿಂದಿನ ಬಂಪರಿನ ಸಣ್ಣ ತೂತಿನೊಳಗೆ ಕಬ್ಬಿಣದ ಕಡ್ಡಿ ಹಾಯಿಸಿ, ಕಣ್ಣಿಗೆ ಕಾಣದ ಕೊಂಡಿಗೆ ಅದರ ತುದಿಯನ್ನು ಸಿಕ್ಕಿಸುವುದು ಹಗಲಿನಲ್ಲೇ ತಡಕಾಡಿಸುತ್ತದೆ. ಗ್ಯಾರೇಜಿನ ಗಾಳಿ ಗನ್ನಿನಿಂದ ಬಿಗಿದ ನಟ್ಟುಗಳು ಕೈಪಾನಾಕ್ಕೆ ಬಗ್ಗುತ್ತವೆಯೇ ಎನ್ನುವುದೂ ಆಗಲೇ ತಿಳಿಯುತ್ತದೆ. ಬಗ್ಗದಿದ್ದರೆ ಗ್ಯಾರೇಜಿಗೆ ಹೋಗಿ ಸಡಿಲಿಸಿ, ಕೈಪುಸ್ತಕದಲ್ಲಿ ಹೇಳಿದಷ್ಟೇ ಬಲಕ್ಕೆ, ಮಧ್ಯಮ ಗಾತ್ರದ ಹಲವು ಗಾಡಿಗಳಲ್ಲಿ ಅದು 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು, ಮತ್ತೆ ಬಿಗಿಸಿಕೊಳ್ಳಬೇಕು. ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರೂ ಈ ತಾಲೀಮು ಮಾಡಲಿ, ಹೆಣ್ಣುಮಕ್ಕಳೂ ಸೇರಿ. ಉದ್ದ ಪಾನಾ ಇದ್ದರೆ ಇದು ಬಲದ ಕೆಲಸವಲ್ಲ.

ಏಳನೆಯ ಹೆಜ್ಜೆ: ರಸ್ತೆಯ ಮೇಲೆ

ಟೈರು ಹರಿದದ್ದು ತಿಳಿದ ಕೂಡಲೇ ಬ್ರೇಕನ್ನು ಜೋರಾಗಿ ಒತ್ತದೆ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು. ಸಮತಟ್ಟಾದ, ಗಟ್ಟಿ ನೆಲ ಸಿಗುವವರೆಗೆ ನೂರಿನ್ನೂರು ಮೀಟರ್ ನಿಧಾನವಾಗಿ ಉರುಳಿಸಿದರೆ ಹರಿದ ಟೈರಿಗೆ ಹೊಸದಾಗಿ ಹಾಳಾಗುವುದೇನೂ ಉಳಿದಿರುವುದಿಲ್ಲ. ವಿಜಯಪುರದಿಂದ ಸೊಲ್ಲಾಪುರದ ಕಡೆಗೂ ಹುಬ್ಬಳ್ಳಿಯ ಕಡೆಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಂತಹ ರಸ್ತೆಗಳಲ್ಲಿ ಲಾರಿಗಳ ವೇಗ ಹೆಚ್ಚು. ಅಲ್ಲಿ ರಸ್ತೆಯ ಕಡೆಗಿನ ಚಕ್ರ ಬಿಚ್ಚಲು ಕೂರುವುದೆಂದರೆ ಬೆನ್ನಿಗೆ ಲಾರಿ ಬಿಟ್ಟುಕೊಂಡಂತೆ. ಜಾಗ ಇಕ್ಕಟ್ಟಾಗಿದ್ದರೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ ಗಸ್ತು ವಾಹನ ಕರೆಸಿಕೊಳ್ಳುವುದು ಲೇಸು. ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ಕೂರಿಸಬೇಕು, ತ್ರಿಕೋನವನ್ನು ಗಾಡಿಯಿಂದ 50 ಮೀಟರಿಗೆ ಕಡಿಮೆಯಿಲ್ಲದಷ್ಟು ಹಿಂದೆ ಇಡಬೇಕು.

ಸಹಾಯಕ್ಕೆ ಬರುವ ಟ್ರ್ಯಾಕ್ಟರಿನವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಸರಿಯಾದದ್ದೇ ಆಗಿರುತ್ತದೆ: "ಅಣ್ಣಾರ, ಗಾಲಿಗೆ ಕಲ್ಲ ಕೊಟ್ಟೀರಿಲ್ರಿ?" ಕೈಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಒತ್ತು ಕೊಟ್ಟ ಮೇಲೆಯೇ ಜಾಕಿಗೆ ಕೈ ಹಾಕಬೇಕು. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಹಲಗೆಯ ಮೇಲೆ ಜಾಕು ಕೂರಿಸಿ, ಕೈಪುಸ್ತಕ ತೋರಿಸಿದ ಜಾಗಕ್ಕೇ ಅದನ್ನು ಕೊಟ್ಟು ಎತ್ತಬೇಕು. ತೆಗೆದಿಟ್ಟ ಸ್ಟೆಪ್ನಿಯನ್ನು ಜಾಕಿನ ಪಕ್ಕದಲ್ಲಿ ಗಾಡಿಯ ಅಡಿಗೆ ಸರಿಸಿ ಮಲಗಿಸಿದರೆ, ಜಾಕು ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ಕೈಕಾಲು ಉಳಿಯುತ್ತವೆ. ಹರಿದ ಚಕ್ರ ಕಳಚಿದ ಮೇಲೆ ಅದನ್ನು ಅಡಿಗೆ ತಳ್ಳಿ ಸ್ಟೆಪ್ನಿಯನ್ನು ಎಳೆದುಕೊಳ್ಳಬೇಕು. ಭಾರದ ಚಕ್ರವನ್ನು ತೋಳಿನಿಂದ ಎತ್ತುವ ಬದಲು, ನೆಲದಲ್ಲಿ ಕೂತು ಪಾದದ ಮೇಲೆ ಅದನ್ನು ಉರುಳಿಸಿಕೊಂಡು ಪಾದದಿಂದಲೇ ಮೇಲೆತ್ತಿ ಬೋಲ್ಟಿಗೆ ಹೊಂದಿಸುವುದು ಸುಲಭ. ಹಬ್, ಅಂದರೆ ಚಕ್ರ ಕೂರುವ ನಡುಭಾಗದ, ಮುಖದ ಮೇಲೆ ಮಣ್ಣು, ತುಕ್ಕಿನ ಚಕ್ಕೆ ಇದ್ದರೆ ಗೋಣಿಚೀಲದಿಂದ ಒರೆಸಬೇಕು. ನಟ್ಟುಗಳನ್ನು ಬೆರಳಿನಿಂದಲೇ ಹತ್ತಿಸಿ, ಗಾಡಿ ಇಳಿಸಿದ ಮೇಲೆ ಎದುರುಬದುರಾಗಿ, ಒಂದು ಬಿಟ್ಟು ಒಂದರಂತೆ, ಬಿಗಿಯಬೇಕು. ಪಾನಾದ ಮೇಲೆ ಹತ್ತಿ ಕುಣಿಯುವುದು ಬೇಡ, ಬೋಲ್ಟಿನ ಎಳೆ ಹರಿಯುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿ ನೋಡಬೇಕು. ಅಲಾಯ್ ಡಿಸ್ಕಿನಲ್ಲಿ ಇದನ್ನು ತಪ್ಪಿಸಲೇಬಾರದು.

ಊರಿಗೆ ಮರಳಿದ ಮೇಲೆ

ಹರಿದ ಟೈರಿನ ಬದಲಿಗೆ ಹೊಸದನ್ನು ಒಂದೇ ಕೊಳ್ಳುವ ಮುಂಚೆ, ಅದೇ ಅಚ್ಚಿನ ಇನ್ನೊಂದು ಟೈರಿನ ಗುಂಡಿ ಎಷ್ಟು ಉಳಿದಿದೆ ನೋಡಬೇಕು. ಬಹಳ ಸವೆದಿದ್ದರೆ ಎರಡನ್ನು ಒಟ್ಟಿಗೆ ಕೊಂಡು, ಇದ್ದುದರಲ್ಲಿ ಒಳ್ಳೆಯದನ್ನು ಸ್ಟೆಪ್ನಿಗೆ ಬಿಡಬಹುದು. ಐದೂ ಚಕ್ರಗಳು ಒಂದೇ ಅಳತೆಯ, ಒಂದೇ ಬಗೆಯ ಡಿಸ್ಕಿನವಾದರೆ ಸುಮಾರು ಹತ್ತು ಸಾವಿರ ಕಿ.ಮೀ.ಗೊಮ್ಮೆ ಸ್ಟೆಪ್ನಿಯನ್ನೂ ಸರದಿಗೆ ಸೇರಿಸಿ ಐದನ್ನೂ ಅದಲು ಬದಲು ಮಾಡಿಸಬಹುದು. ಒಂದೇ ದಿಕ್ಕಿಗೆ ತಿರುಗಬೇಕಾದ, ಮಗ್ಗುಲಲ್ಲಿ ಬಾಣದ ಗುರುತಿರುವ ಟೈರುಗಳಿಗೆ ಮಾತ್ರ ಈ ಸರದಿ ಒಪ್ಪುವುದಿಲ್ಲ.

ಗಾಡಿಯ ಒಳಗೆ ಸ್ಟೆಪ್ನಿ ಕಟ್ಟಿಕೊಂಡು ಹೋದವರು ಊರಿನ ಓಡಾಟಕ್ಕೆ ಅದನ್ನು ಇಳಿಸಿಡಬಹುದು. ತೊಳೆದು ಒಣಗಿಸಿ, ಬಿಸಿಲು ಬೀಳದ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸಿ, ಇನ್ವರ್ಟರ್ ಬ್ಯಾಟರಿ, ನೀರೆತ್ತುವ ಮೋಟಾರು, ಸೀಮೆಎಣ್ಣೆಯ ಡಬ್ಬಿಗಳಿಂದ ದೂರವಿಡಬೇಕು. ರ‍್ಯಾಚೆಟ್ ಪಟ್ಟಿಗಳು ಮತ್ತು ಬೇರೆ ನಟ್ಟುಗಳ ಚೀಲ ಡಿಸ್ಕಿನ ಮೇಲೆಯೇ ಇರಲಿ.